ಭರಣಿಯೂ ಭೂತಕಾಲವೂ

ನಮ್ಮ ಮನೆ ಇರುವುದು ಕೆರೆಕಟ್ಟೆಯ ಹತ್ತಿರ. ಶೃಂಗೇರಿಯಿಂದ ಕಾರ್ಕಳದ ಕಡೆಗೆ ಹೋಗುವ ಬಸ್ಸಿನಲ್ಲಿ ಕೂತರೆ ನೆಮ್ಮಾರು ಕಳೆದು, ತನಿಕೋಡಿನ ಗೇಟು ದಾಟಿದ ಮೇಲೆ ಎರಡೂ ಬದಿ ಕಾಡೇ ಕಾಡು. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವಾದ ಕಾಡು ಅದು. ಮಳೆಗಾಲದಲ್ಲಿ ನಮ್ಮಲ್ಲಿ ಮಳೆ ಬರುತ್ತದೆ ಅನ್ನುವುದಿಲ್ಲ, ಮಳೆ ಹಿಡಿಯುತ್ತದೆ ಅನ್ನುತ್ತೇವೆ. ಹಿಡಿದರೆ ಬಿಡುವುದಿಲ್ಲ. ಮೊಬೈಲಿನ ಸಿಗ್ನಲ್ ಮಾತ್ರ ಇದಕ್ಕೆ ತದ್ವಿರುದ್ಧ. ಮನೆಯ ಹಿಂದಿನ ಧರೆ ಹತ್ತಿ, ಹಲಸಿನ ಮರದ ಬುಡದಲ್ಲಿ ನಿಂತರೆ ಎರಡು ಕಡ್ಡಿ ಸಿಗುತ್ತದೆ. ಒಂದು ಹೆಜ್ಜೆ ಆಚೆ ಇಟ್ಟರೆ ಅದೂ ಇಲ್ಲ.

ಭಾನುವಾರ ಬೆಳಿಗ್ಗೆ ಐದೂವರೆಗೆ ನಾನು ಛತ್ರಿ, ಟಾರ್ಚು ಹಿಡಿದುಕೊಂಡು ಆ ಹಲಸಿನ ಮರಕ್ಕೆ ಹೋಗುತ್ತೇನೆ. ಅಮೆರಿಕದ ಟೆಕ್ಸಾಸಿನಲ್ಲಿ ಆಗ ಶನಿವಾರ ರಾತ್ರಿ ಏಳು ಗಂಟೆ. ನನಗೆ ಇವತ್ತು, ಮಗಳ ಮನೆಯವರಿಗೆ ಇನ್ನೂ ನಿನ್ನೆ. ಮಗಳು ಅರ್ಧ ಗಂಟೆ ಮಾತಾಡುತ್ತಾಳೆ. ಮೊಮ್ಮಗಳು ಪುಟ್ಟಿ ಮಾತ್ರ ನಾಲ್ಕು ವರ್ಷದಿಂದ ಒಂದೇ ಮಾತು: 'ಹಾಯ್ ಅಜ್ಜಯ್ಯ, ಊಟ ಆಯ್ತಾ?' ಬೆಳಗಿನ ಐದೂವರೆಗೆ ಯಾರಿಗೆ ಊಟ ಆಗುತ್ತದೆ? ನಾನು 'ಆಯ್ತು ಪುಟ್ಟಿ' ಅನ್ನುವುದರೊಳಗೆ ಫೋನು ಅಮ್ಮನ ಕೈಗೆ ಹೋಗಿರುತ್ತಿತ್ತು.

ಅದಕ್ಕೆ ಕಾರಣ ನಾನೇ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ.

ನಾಲ್ಕು ವರ್ಷದ ಹಿಂದೆ ಜೂನಿನಲ್ಲಿ ಅವರೆಲ್ಲ ಊರಿಗೆ ಬಂದಿದ್ದರು. ಪುಟ್ಟಿಗೆ ಆಗ ಎಂಟು ವರ್ಷ. ಅವಳ ಅಜ್ಜಿ ತೀರಿಕೊಂಡು ಒಂದು ವರ್ಷವಾಗಿತ್ತು. ಅಡುಗೆಮನೆಯ ಮೂಲೆಯಲ್ಲಿ ಅವಳು ಹಾಕಿಟ್ಟ ಕೊನೆಯ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಇತ್ತು. ಮದುವೆಯಾದ ಹೊಸದರಲ್ಲಿ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಕೊಂಡ ಭರಣಿ. ಕುತ್ತಿಗೆಯಿಂದ ಮೇಲೆ ಕಂದು, ಕೆಳಗೆ ಬಿಳಿ. ನಾನು ದಿನಕ್ಕೆ ಅರ್ಧ ಮಿಡಿಯಂತೆ ಲೆಕ್ಕ ಹಾಕಿ ತಿನ್ನುತ್ತಿದ್ದೆ. ಒಂದು ಮಧ್ಯಾಹ್ನ ದಡ್ ಎಂದು ಸದ್ದಾಯಿತು. ಓಡಿ ಹೋಗಿ ನೋಡಿದರೆ ನೆಲವೆಲ್ಲ ಉಪ್ಪುನೀರು, ಖಾರ, ಭರಣಿಯ ಚೂರು. ನಡುವೆ ಪುಟ್ಟಿ ನಿಂತಿದ್ದಳು. 'ಅಜ್ಜಯ್ಯ, ಅದು ಒಡೀತು' ಎಂದಳು.

ನಾನು ಮೂವತ್ತೈದು ವರ್ಷ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವನು. ಸಿಟ್ಟಿನಲ್ಲೂ ವ್ಯಾಕರಣವೇ ಬಾಯಿಗೆ ಬಂತು. 'ಅದೇ ಹೇಗೆ ಒಡೆಯುತ್ತೆ? ಕರ್ತೃಪದ ಎಲ್ಲಿ? ನಾನು ಒಡೆದೆ ಅನ್ನು!' ಎಂದು ಕೂಗಿದೆ. ಅವಳು ಏನೋ ಹೇಳಲು ಬಾಯಿ ತೆರೆದಳು, ಮಾತು ಸಿಗಲಿಲ್ಲ, ಇಂಗ್ಲಿಷಿನಲ್ಲಿ ಶುರು ಮಾಡಿದಳು. 'ಕನ್ನಡದಲ್ಲಿ ಹೇಳು' ಎಂದು ಮತ್ತೆ ಕೂಗಿದೆ. ಅಳುತ್ತಾ ಅಮ್ಮನ ಹತ್ತಿರ ಹೋದಳು. ಅಲ್ಲಿಂದ ಮೇಲೆ ನನ್ನ ಜೊತೆ ಕನ್ನಡ ಅಂದರೆ 'ಊಟ ಆಯ್ತಾ' ಅಷ್ಟೇ. ಅಲ್ಲಿ ಭಾನುವಾರ ನಡೆಯುವ ಕನ್ನಡ ತರಗತಿಗೂ ಹೋಗುವುದನ್ನು ಬಿಟ್ಟಳಂತೆ. ಮಗಳು ಇದನ್ನು ನನಗೆ ಹೇಳಿದ್ದು ಎಷ್ಟೋ ತಿಂಗಳ ಮೇಲೆ, ಅದೂ ಬೇರೆ ಯಾವುದೋ ಮಾತಿನ ನಡುವೆ.

ಈ ವರ್ಷ ಸೆಪ್ಟೆಂಬರಿನ ಒಂದು ಭಾನುವಾರ ಫೋನು ಎತ್ತಿದ್ದು ಪುಟ್ಟಿಯೇ. 'ಅಜ್ಜಯ್ಯ, ಐ ಫೇಲ್ಡ್' ಎಂದಳು. ಈಗ ಏಳನೇ ತರಗತಿ. ಶಾಲೆಯಲ್ಲಿ ಸ್ಪ್ಯಾನಿಷ್ ತೆಗೆದುಕೊಂಡಿದ್ದಾಳೆ. ಟೆಕ್ಸಾಸ್ 1836ರವರೆಗೆ ಮೆಕ್ಸಿಕೋಗೆ ಸೇರಿದ ನಾಡು. ಇವತ್ತಿಗೂ ಅಂಗಡಿಯಲ್ಲಿ, ಬಸ್ಸಿನಲ್ಲಿ, ಅವಳ ತರಗತಿಯ ಬೆಂಚಿನಲ್ಲಿ ಸ್ಪ್ಯಾನಿಷ್ ಕೇಳಿಸುತ್ತದಂತೆ. 20 ದೇಶಗಳ ಅಧಿಕೃತ ಭಾಷೆ. ಅದರಲ್ಲಿ 'ತನಗೆ ತಾನೇ ಮಾಡಿಕೊಳ್ಳುವ' ಕ್ರಿಯಾಪದಗಳ ಭೂತಕಾಲದ ಪರೀಕ್ಷೆಯಲ್ಲಿ ಇವಳಿಗೆ ಇಪ್ಪತ್ತಕ್ಕೆ ಆರು. ಅಮ್ಮನನ್ನು ಕೇಳಿದರೆ ಅವಳು, 'ನನಗೆ ಸ್ಪ್ಯಾನಿಷ್ ಎಲ್ಲಿ ಬರುತ್ತೆ, ವ್ಯಾಕರಣ ಬೇಕಾದರೆ ಅಜ್ಜಯ್ಯನನ್ನು ಕೇಳು' ಎಂದು ತಮಾಷೆಗೆ ಹೇಳಿದಳಂತೆ. ಇವಳು ನಿಜವಾಗಿಯೂ ಕೇಳಿದಳು.

ನನಗೂ ಸ್ಪ್ಯಾನಿಷಿಗೂ ಏನು ಸಂಬಂಧ? ಆದರೆ 'ನನಗೆ ಬರುವುದಿಲ್ಲ' ಅಂದರೆ ಫೋನು ಅಮ್ಮನ ಕೈಗೆ ಹೋಗುತ್ತದೆ. 'ಪುಸ್ತಕದ ಪುಟದ ಫೋಟೋ ಕಳಿಸು, ಮುಂದಿನ ವಾರ ಹೇಳಿಕೊಡ್ತೀನಿ' ಎಂದುಬಿಟ್ಟೆ. ಎಂಟು ಫೋಟೋ ಬಂದು ಇಳಿಯಲು ಹಲಸಿನ ಬುಡದಲ್ಲಿ ಮುಕ್ಕಾಲು ಗಂಟೆ ನಿಂತೆ. ಮನೆಗೆ ಬಂದು ನೋಡಿದರೆ ಕಾಲಿಗೆ ಮೂರು ಉಂಬಳ.

ವಾರವಿಡೀ ಕೂತು ಆ ಪುಟಗಳನ್ನು ನೋಟ್‌ಬುಕ್ಕಿನಲ್ಲಿ ಕನ್ನಡ ಲಿಪಿಯಲ್ಲಿ ಬರೆದುಕೊಂಡೆ. 'ಲವಾರ್' ಅಂದರೆ ತೊಳೆ. 'ಲವಾರ್‌ಸೆ' ಅಂದರೆ ತೊಳೆದುಕೊ. ಭೂತಕಾಲ ಹೀಗೆ: ಮೆ ಲವೇ, ನಾನು ತೊಳೆದುಕೊಂಡೆ. ತೆ ಲವಾಸ್ತೆ, ನೀನು ತೊಳೆದುಕೊಂಡೆ. ಸೆ ಲವೋ, ಅವನು ಅಥವಾ ಅವಳು. ನೋಸ್ ಲವಾಮೋಸ್, ನಾವು. ಸೆ ಲವಾರೋನ್, ಅವರು. ಸ್ಪೇನ್ ದೇಶದಲ್ಲಿ 'ನೀವುಗಳು' ಎನ್ನಲು ಇನ್ನೊಂದು ರೂಪವಿದೆ, ಅಮೆರಿಕ ಖಂಡದವರು ಅದನ್ನು ಬಳಸುವುದಿಲ್ಲ, ಹಾಗಾಗಿ ಪುಟ್ಟಿಗೆ ಅದು ಪರೀಕ್ಷೆಗಿಲ್ಲ. ಒಳ್ಳೆಯದೇ ಆಯಿತು.

ಐದು ಸಾಲು ಬರೆದ ಮೇಲೆ ನನಗೆ ನಗು ಬಂತು. ಇದು ನಮ್ಮ 'ಕೊಂಡ' ಅಲ್ಲವೇ! ಇಂಗ್ಲಿಷಿನವರಿಗೆ ಇದು ಹೊಸ ವಿಷಯ. ಬಾಲ್ಯದಿಂದ 'ಮುಖ ತೊಳ್ಕೋ, ತಲೆ ಬಾಚ್ಕೋ, ಸರಿಯಾಗಿ ಕೂತ್ಕೋ' ಎಂದು ಬೈಸಿಕೊಂಡು ಬೆಳೆದ ನಮಗೆ ಏನು ಹೊಸದು?

ಮುಂದಿನ ಭಾನುವಾರ ಕೇಳಿದೆ: 'ಪುಟ್ಟಿ, ನಾನು ತಟ್ಟೆ ತೊಳೆದೆ, ನಾನು ಕೈ ತೊಳೆದುಕೊಂಡೆ. ಎರಡಕ್ಕೂ ಏನು ವ್ಯತ್ಯಾಸ?'

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, 'ತಟ್ಟೆ ಈಸ್ ನಾಟ್ ಮೀ' ಎಂದಳು.

ಇಷ್ಟು ಚೆನ್ನಾಗಿ ನಾನು ಮೂವತ್ತೈದು ವರ್ಷದಲ್ಲಿ ಯಾವ ಮಕ್ಕಳಿಗೂ ಹೇಳಿಕೊಟ್ಟಿರಲಿಲ್ಲ.

ಇನ್ನೊಂದು ವಿಷಯ ಇಬ್ಬರೂ ಸೇರಿ ಕಂಡುಹಿಡಿದೆವು. ಇಂಗ್ಲಿಷಿನಲ್ಲಿ 'ನನ್ನ ಕೈ ತೊಳೆದೆ' ಅನ್ನಬೇಕು. ಸ್ಪ್ಯಾನಿಷಿನಲ್ಲಿ 'ಮೆ ಲವೇ ಲಾಸ್ ಮಾನೋಸ್'. ಮಾನೋಸ್ ಅಂದರೆ ಕೈಗಳು. 'ನನ್ನ' ಎಂಬ ಮಾತೇ ಇಲ್ಲ. ನಮ್ಮದೂ ಹಾಗೆಯೇ: ಕೈ ತೊಳೆದುಕೊಂಡೆ. 'ಕೊಂಡೆ' ಅಂದ ಮೇಲೆ ಪಕ್ಕದ ಮನೆಯವರ ಕೈ ಇರಲು ಸಾಧ್ಯವೇ? 'ಕೈ ಸುಟ್ಟುಕೊಂಡೆ', 'ಕಾಲು ಮುರಿದುಕೊಂಡೆ' ಎಲ್ಲವೂ ಹೀಗೇ, ಅಲ್ಲೂ ಇಲ್ಲೂ. ಪುಟ್ಟಿ ಪರೀಕ್ಷೆಯಲ್ಲಿ ಎಲ್ಲ ಕಡೆ 'ನನ್ನ' ಸೇರಿಸಿ ನಾಲ್ಕು ಅಂಕ ಕಳೆದುಕೊಂಡಿದ್ದಳು. ಇಂಗ್ಲಿಷಿನಿಂದ ಹೋಗುವ ಬದಲು ಕನ್ನಡದಿಂದ ಹೋಗಿದ್ದರೆ ಉಳಿಯುತ್ತಿತ್ತು.

ಎಲ್ಲವೂ ಹೀಗೆ ಸಲೀಸಾಗಿ ಹೊಂದುವುದಿಲ್ಲ, ಮಕ್ಕಳೇ. 'ಏಳು' ಎನ್ನುವುದಕ್ಕೆ ಅವರು 'ಲೆವಂತಾರ್‌ಸೆ' ಅನ್ನುತ್ತಾರೆ, ಅಂದರೆ ತನ್ನನ್ನು ತಾನೇ ಎತ್ತಿಕೊಳ್ಳುವುದು. ನಾವು ಬರೀ 'ಎದ್ದೆ' ಅಂದರೆ ಸಾಕು. ಮಳೆಗಾಲದ ಬೆಳಿಗ್ಗೆ ಕಂಬಳಿಯೊಳಗಿಂದ ಏಳುವವರಿಗೆ ಅವರ ಮಾತೇ ಸರಿ ಅನ್ನಿಸುತ್ತದೆ. ನನ್ನ ವಯಸ್ಸಿನವರಂತೂ ದಿನಾ ಎತ್ತಿಕೊಳ್ಳಲೇಬೇಕು.

ಪುಟ್ಟಿ ಮಾಡುತ್ತಿದ್ದ ದೊಡ್ಡ ತಪ್ಪು ಬೇರೆ. ನಮ್ಮಲ್ಲಿ 'ಕೊಂಡೆ, ಕೊಂಡಳು, ಕೊಂಡರು' ಎಂದು ಕೊನೆ ಒಂದೇ ಬದಲಾದರೆ ಮುಗಿಯಿತು. ಅವರಲ್ಲಿ ಎರಡು ಕಡೆ ಬದಲಾಗಬೇಕು, ಮುಂದೆ 'ಮೆ, ತೆ, ಸೆ', ಹಿಂದೆ 'ಏ, ಆಸ್ತೆ, ಓ'. ಎತ್ತಿನ ಜೋಡಿಯ ಹಾಗೆ ಎರಡೂ ಒಟ್ಟಿಗೆ ನಡೆಯಬೇಕು. ಇವಳು 'ಮೆ ಲವೋ' ಎಂದು ಬರೆದಿದ್ದಳು. ಅದರ ಅರ್ಥ 'ಅವನು ನನ್ನನ್ನು ತೊಳೆದನು'. 'ಯಾರು ತೊಳೆದರೇ ನಿನ್ನನ್ನು, ನೀನೇನು ಎಮ್ಮೆಯಾ?' ಎಂದೆ. ಆ ಕಡೆಯಿಂದ ನಗು ಕೇಳಿಸಿತು. ನಾಲ್ಕು ವರ್ಷದ ಮೇಲೆ ಕೇಳಿದ ನಗು. ಮಳೆ ಜೋರಾಗಿದ್ದರಿಂದ ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದೆ.

ಒತ್ತಿನ ಗುರುತೂ ಅವಳಿಗೆ ಕಷ್ಟ. 'ಲಾವೊ' ಅಂದರೆ ನಾನು ತೊಳೆಯುತ್ತೇನೆ, 'ಲವೋ' ಅಂದರೆ ಅವನು ತೊಳೆದನು. ಅವರು ಅಕ್ಷರದ ನೆತ್ತಿಯ ಮೇಲೆ ಸಣ್ಣ ಗೀಟು ಎಳೆಯುತ್ತಾರೆ, ಪುಟ್ಟಿ ಮರೆಯುತ್ತಾಳೆ. ನಾನು ದೀರ್ಘ ಕೊಟ್ಟು ಬರೆದು ಫೋಟೋ ಕಳಿಸಿದೆ. ಉಚ್ಚಾರ ನೂರಕ್ಕೆ ನೂರು ಸರಿಯಲ್ಲ, ಅವರ 'ವ' ನಮ್ಮ 'ಬ'ದ ಕಡೆ ವಾಲುತ್ತದಂತೆ. ಆದರೂ ಅವಳು ಕನ್ನಡ ಅಕ್ಷರವನ್ನು ಒಂದೊಂದಾಗಿ ಕೂಡಿಸಿ ಓದಿದಳು. ಎರಡು ವರ್ಷ ಕಲಿತದ್ದು ಪೂರ್ತಿ ಹೋಗಿರಲಿಲ್ಲ.

ನಾನೂ ಒಂದು ಎಡವಟ್ಟು ಮಾಡಿದೆ. ಅವಳು 'ಫಸ್ಟ್ ಪರ್ಸನ್‌ಗೆ ಯಾವುದು ಅಜ್ಜಯ್ಯ?' ಎಂದಳು. ನಾನು ಗತ್ತಿನಿಂದ 'ಸೆ ಲವೋ' ಎಂದೆ. ಅವಳು ಹಾಗೇ ಮನೆಪಾಠದಲ್ಲಿ ಬರೆದು, ಐದೂ ತಪ್ಪಾಗಿ ಬಂತು. ಯಾಕೆ ಗೊತ್ತೇ? ನಮ್ಮ ವ್ಯಾಕರಣದಲ್ಲಿ ಪ್ರಥಮ ಪುರುಷ ಅಂದರೆ 'ಅವನು'. 'ನಾನು' ಉತ್ತಮ ಪುರುಷ, ಕೊನೆಯಲ್ಲಿ ಬರುವವನು. ಅವರಲ್ಲಿ 'ನಾನು'ವೇ ಮೊದಲನೆಯವನು. ನಮ್ಮದು ಸಂಸ್ಕೃತದಿಂದ ಬಂದ ಎಣಿಕೆ, ಅವರದು ಲ್ಯಾಟಿನ್ನಿಂದ. ಪಾಪ, ಅವಳು ಮೇಷ್ಟ್ರ ಮಾತು ನಂಬಿದಳು. ತಪ್ಪಾಯಿತು ಎಂದು ಹೇಳಿದೆ. ಅಜ್ಜಯ್ಯನೂ ತಪ್ಪು ಮಾಡುತ್ತಾನೆ ಎಂದು ಅವಳಿಗೆ ಬಹಳ ಖುಷಿಯಾಯಿತು.

ಆ ವಾರ ಶೃಂಗೇರಿಗೆ ಹೋದಾಗ ಸಂಸ್ಕೃತ ಓದಿದ ಹಳೆಯ ಸ್ನೇಹಿತರೊಬ್ಬರಿಗೆ ಈ ಕತೆ ಹೇಳಿದೆ. ತುಂಗೆಯ ಮೆಟ್ಟಿಲ ಮೇಲೆ ಮೀನಿಗೆ ಮಂಡಕ್ಕಿ ಹಾಕುತ್ತಾ ಅವರು, 'ಇದು ಆತ್ಮನೇಪದ ಮಾರಾಯ' ಎಂದರು. ಸಂಸ್ಕೃತದಲ್ಲಿ ಅಡುಗೆಯವನು ಬೇರೆಯವರಿಗೆ ಬೇಯಿಸಿದರೆ 'ಪಚತಿ', ತನ್ನ ಊಟಕ್ಕೆ ತಾನೇ ಬೇಯಿಸಿಕೊಂಡರೆ 'ಪಚತೇ'. ಭೂತಕಾಲದಲ್ಲಿ 'ಅಪಚತ್', 'ಅಪಚತ'. ಕ್ರಿಯೆಯ ಫಲ ಯಾರಿಗೆ ಸೇರುತ್ತದೆ ಎಂಬುದರ ಮೇಲೆ ಈ ಭೇದ. ಪಾಣಿನಿ ಅದಕ್ಕೆ ಸೂತ್ರವನ್ನೇ ಮಾಡಿಟ್ಟಿದ್ದಾನೆ. ಬಳಕೆಯಲ್ಲಿ ಎಲ್ಲರೂ ಇದನ್ನು ಅಷ್ಟು ಕಟ್ಟುನಿಟ್ಟಾಗಿ ಪಾಲಿಸಲಿಲ್ಲ ಎಂದೂ ಹೇಳಿದರು. ನಾನು ಐದು ವರ್ಷದಿಂದ 'ಪಚತೇ' ಎಂದೆ. ಅವರು ಮಾತಾಡಲಿಲ್ಲ, ಉಳಿದ ಮಂಡಕ್ಕಿ ನನ್ನ ಕೈಗೆ ಹಾಕಿದರು.

ಮನೆಗೆ ಬಂದು 1894ರ ಕಿಟ್ಟೆಲ್ ನಿಘಂಟಿನ ಮರುಮುದ್ರಣ ತೆಗೆದು ನೋಡಿದೆ. 'ಕೊಳ್' ಅಂದರೆ ಹಿಡಿ, ತೆಗೆದುಕೊ, ಖರೀದಿಸು. ಜಾತ್ರೆಯಲ್ಲಿ ಭರಣಿ ಕೊಂಡದ್ದೂ ಅದೇ ಕೊಳ್ಳುವಿಕೆ, ಕೈ ತೊಳೆದುಕೊಂಡದ್ದೂ ಅದೇ. ಮಾಡಿದ್ದರ ಫಲವನ್ನು ತನ್ನ ಕಡೆಗೆ ಎಳೆದುಕೊಳ್ಳುವ ಮಾತು.

ಅಕ್ಟೋಬರಿನಲ್ಲಿ ಹೊಸ ಪಾಠ ಶುರುವಾಯಿತು. ಸ್ಪ್ಯಾನಿಷಿನಲ್ಲಿ ಭೂತಕಾಲ ಎರಡು ಬಗೆ. ಒಂದು ಸಲ ಆಗಿ ಮುಗಿದದ್ದಕ್ಕೆ 'ಸೆ ಲೆವಂತೋ', ಎದ್ದಳು. ದಿನಾ ನಡೆಯುತ್ತಿದ್ದದ್ದಕ್ಕೆ 'ಸೆ ಲೆವಂತಾಬ', ಏಳುತ್ತಿದ್ದಳು. 'ನಿಮ್ಮ ಮನೆಯ ಹಿರಿಯರೊಬ್ಬರ ದಿನಚರಿ ಬರೆಯಿರಿ' ಎಂದು ಮನೆಪಾಠ ಕೊಟ್ಟಿದ್ದರು. ಪುಟ್ಟಿ ಆರಿಸಿಕೊಂಡದ್ದು ಅಜ್ಜಿಯನ್ನು.

'ನನಗೆ ಅಜ್ಜಿಯ ಬಳೆ ಸೌಂಡ್ ಮಾತ್ರ ನೆನಪಿದೆ. ನೀನು ಹೇಳು, ನಾನು ಬರೀತೀನಿ' ಎಂದಳು.

ನಾನು ಹೇಳಿದೆ. ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತಿದ್ದಳು. ಮೊದಲು ಬಚ್ಚಲೊಲೆಗೆ ಬೆಂಕಿ ಹಾಕುತ್ತಿದ್ದಳು. ಹಂಡೆಯ ನೀರು ಕಾಯುವುದರೊಳಗೆ ತಣ್ಣೀರಲ್ಲೇ ಮುಖ ತೊಳೆದುಕೊಳ್ಳುತ್ತಿದ್ದಳು. ಕನ್ನಡಿ ನೋಡದೆ ತಲೆ ಬಾಚಿಕೊಳ್ಳುತ್ತಿದ್ದಳು. ಕೊಟ್ಟಿಗೆಗೆ ಹೋಗಿ ಹಾಲು ಕರೆದು ಬಂದು, ಜಗಲಿಯ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತುಕೊಳ್ಳುತ್ತಿದ್ದಳು. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದಳು, ಕುಡಿಯುವುದಕ್ಕಿಂತ ಕೈ ಬಿಸಿ ಮಾಡಿಕೊಳ್ಳಲು. ಪುಟ್ಟಿ ಒಂದೊಂದು ಸಾಲಿಗೂ 'ಸೆ ಲೆವಂತಾಬ, ಸೆ ಲವಾಬ, ಸೆ ಪೆಯ್ನಾಬ, ಸೆ ಸೆಂತಾಬ' ಎಂದು ಹೇಳುತ್ತಾ ಬರೆದಳು. ಗೊತ್ತಿಲ್ಲದ ಮಾತು ಬಂದಾಗ ನಿಲ್ಲಿಸಿ ಕೇಳುತ್ತಿದ್ದಳು: 'ಹಂಡೆ ಅಂದ್ರೆ?' 'ಇಳಿಬಿಡೋದು ಅಂದ್ರೆ?'

'ಕೊನೆಗೆ ಏನು ಬರೀಲಿ?' ಎಂದಳು.

ಮಾಘದ ಒಂದು ಬೆಳಿಗ್ಗೆ ನಾಲ್ಕೂವರೆ ಆಯಿತು, ಐದಾಯಿತು, ಬಚ್ಚಲೊಲೆಯ ಹೊಗೆ ಬರಲಿಲ್ಲ ಎಂದು ನಾನು ಒಳಗೆ ಹೋಗಿ ನೋಡಿದ್ದು. ಹೇಗೆ ಹೇಳಲಿ ಮಗುವಿಗೆ? 'ಅವತ್ತು ಏಳಲಿಲ್ಲ' ಎಂದೆ.

'ನೋ ಸೆ ಲೆವಂತೋ' ಎಂದಳು, ಮೆಲ್ಲಗೆ. ದಿನಾ ನಡೆಯುತ್ತಿದ್ದ ಭೂತಕಾಲ ಬಿಟ್ಟು, ಒಂದೇ ಸಲ ಆದ ಭೂತಕಾಲ ಹಾಕಿದ್ದಳು. ನಾನು ಹೇಳಿಕೊಟ್ಟಿರಲಿಲ್ಲ. ಸರಿಯಾಗಿಯೇ ಹಾಕಿದ್ದಳು.

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಹಲಸಿನ ಎಲೆಯಿಂದ ಛತ್ರಿಯ ಮೇಲೆ ಹನಿ ಬೀಳುತ್ತಿತ್ತು.

ಆಮೇಲೆ ಅವಳು, 'ಅಜ್ಜಯ್ಯ, ಸ್ಪ್ಯಾನಿಷಲ್ಲಿ ಒಂದಿದೆ: ಸೆ ಮೆ ರೊಂಪಿಯೋ' ಎಂದಳು. ಅರ್ಥ ಕೇಳಿದೆ. ಕೈ ಜಾರಿ ಏನಾದರೂ ಒಡೆದರೆ ಹಾಗೆ ಹೇಳುತ್ತಾರಂತೆ. ಅದು ತಾನಾಗಿ ಒಡೆಯಿತು, ಆದರೆ ಆದದ್ದು ನನಗೆ, ನನ್ನ ಕೈಯಲ್ಲಿ. ಬೇಕೆಂದೇ ಮಾಡಿದ್ದಲ್ಲ, ಹಾಗೆಂದು ನನಗೂ ಅದಕ್ಕೂ ಸಂಬಂಧವಿಲ್ಲ ಎಂದೂ ಅಲ್ಲ. ಎಲ್ಲ ಮಕ್ಕಳೂ ದಿನಾ ಹೇಳುವ ಮಾತಂತೆ. ಅವರ ಟೀಚರು ಕೂಡ ಕಪ್ಪು ಬೀಳಿಸಿಕೊಂಡು ಹೀಗೇ ಹೇಳಿದರಂತೆ.

ಅವಳು ಯಾಕೆ ಹೇಳುತ್ತಿದ್ದಾಳೆ ಎಂದು ಹೊಳೆಯಲು ನನಗೆ ಎರಡು ಕ್ಷಣ ಬೇಕಾಯಿತು.

ಕನ್ನಡದಲ್ಲಿ ಇಲ್ಲವೇ ಈ ಮಾತು? 'ನನ್ನ ಕೈಯಲ್ಲಿ ಒಡೆದುಹೋಯ್ತು' ಅನ್ನುತ್ತೇವಲ್ಲ. ಎಂಟು ವರ್ಷದ ಮಗುವಿಗೆ ಆ 'ಕೈಯಲ್ಲಿ', ಆ 'ಹೋಯ್ತು' ಆಗ ಗೊತ್ತಿರಲಿಲ್ಲ. ಗೊತ್ತಿದ್ದಷ್ಟರಲ್ಲಿ 'ಒಡೀತು' ಎಂದಿತು. ನಾನು ಕರ್ತೃಪದ ಹುಡುಕುತ್ತಾ ನಿಂತೆ.

'ಅವತ್ತು ಏನಾಯ್ತು ಪುಟ್ಟಿ? ಈಗ ಹೇಳ್ತೀಯಾ?' ಎಂದೆ.

ನಿಧಾನವಾಗಿ, ಒಂದೊಂದೇ ಮಾತು ಹುಡುಕಿ ಹೇಳಿದಳು. 'ಅಮ್ಮ ಹೇಳಿದ್ರು, ಉಪ್ಪಿನಕಾಯಿ ಅಜ್ಜಿ ಮಾಡಿದ್ದು ಅಂತ. ನಾನು ವಾಸನೆ ನೋಡೋಕೆ ಎತ್ಕೊಂಡೆ. ಬೆಕ್ಕು ಅಟ್ಟದಿಂದ ಹಾರ್ತು. ನಾನು...' ಎಂದು ನಿಂತಳು. 'ಮೆ ಅಸುಸ್ತೇ. ಕನ್ನಡದಲ್ಲಿ ಏನು ಅಜ್ಜಯ್ಯ?'

'ಹೆದರಿಕೊಂಡೆ.'

'ಹೆದರ್ಕೊಂಡೆ. ಭರಣಿ ಬಿತ್ತು.'

ಬೆಕ್ಕಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ಅಷ್ಟು ದಿನ ಅದೇ ಬೆಕ್ಕಿಗೆ ಹಾಲು ಹಾಕಿದ್ದೇನೆ.

'ನಾನು ಸಿಟ್ಟು ಮಾಡ್ಕೊಂಡೆ ಪುಟ್ಟಿ. ಕೇಳದೇ ಕೂಗಿದೆ. ತಪ್ಪಾಯ್ತು' ಎಂದೆ.

'ಮೆ ಎನೊಹೇ' ಎಂದಳು.

'ಯಾಕೆ, ಈಗ ನಿನಗೆ ಸಿಟ್ಟಾ?'

'ಅಯ್ಯೋ ಅಜ್ಜಯ್ಯ! ನೀನು ಹೇಳಿದ್ದಕ್ಕೆ ಸ್ಪ್ಯಾನಿಷ್ ಅದು. ಸಿಟ್ಟು ಮಾಡ್ಕೊಂಡೆ, ಮೆ ಎನೊಹೇ. ಬರ್ಕೋ!' ಎಂದಳು. ಕತ್ತಲಲ್ಲಿ, ಮಳೆಯಲ್ಲಿ, ಒಂದು ಕೈಯಲ್ಲಿ ಛತ್ರಿ, ಒಂದು ಕೈಯಲ್ಲಿ ಫೋನು ಹಿಡಿದವನು ಎಲ್ಲಿ ಬರೆದುಕೊಳ್ಳಲಿ? ಹೂಂ ಎಂದೆ.

ಎರಡನೇ ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಹದಿನೇಳು ಬಂತು. ಹೋದ ಮೂರರಲ್ಲಿ ಎರಡು ಆ ಗೀಟಿನದ್ದೇ. ಇನ್ನೊಂದು 'ದೊರ್ಮೀರ್‌ಸೆ', ನಿದ್ದೆ ಹೋಗುವುದು. 'ನಾನು' ಎಂದರೆ 'ಮೆ ದೊರ್ಮೀ', 'ಅವಳು' ಎಂದರೆ ಇದ್ದಕ್ಕಿದ್ದಂತೆ 'ಸೆ ದುರ್ಮಿಯೋ'. 'ಯಾಕೆ ಬದಲಾಗಬೇಕು?' ಎಂದು ರೇಗಿದಳು. 'ನಮ್ಮಲ್ಲಿ ಏಳು ಎದ್ದ, ಬೀಳು ಬಿದ್ದ, ಬರು ಬಂದ, ಕೊಳ್ಳು ಕೊಂಡ. ಇದನ್ನು ಕಲಿತವಳಿಗೆ ಅದೇನು ಮಹಾ?' ಎಂದೆ.

ಈಗ ಆಜ್ಞೆ ಮಾಡುವ ಪಾಠ ನಡೆಯುತ್ತಿದೆ. 'ಲಾವಾತೆ ಲಾಸ್ ಮಾನೋಸ್', ಕೈ ತೊಳ್ಕೋ. ಅವಳಿಗೆ ಇದು ಬಹಳ ಹಿಡಿಸಿದೆ. ಹೋದ ಭಾನುವಾರ ಫೋನು ಎತ್ತಿದವಳೇ, 'ಸ್ವೆಟರ್ ಹಾಕ್ಕೋ ಅಜ್ಜಯ್ಯ. ಟಾರ್ಚ್ ಹಿಡ್ಕೋ. ಉಂಬಳ ಇದ್ಯಾ ನೋಡ್ಕೋ' ಎಂದಳು. ನೋಡಿಕೊಂಡೆ. ಇತ್ತು, ಒಂದು, ಎಡಗಾಲಿನ ಬೆರಳ ಸಂದಿಯಲ್ಲಿ.